ಹೆಚ್ಚು ಸಮಯ ಕೊಟ್ಟರೂ ಅಂಕ ಬರಲಿಲ್ಲ, ಯಾಕೆ?

ಪ್ರಶ್ನೆ: ನಾನು ಐದನೇ ತರಗತಿಗೆ ಗಣಿತ ಕಲಿಸುತ್ತೇನೆ. ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ಕಲಿಕೆಯ ತೊಂದರೆ) ಇರುವ ಹುಡುಗನೊಬ್ಬನಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟೆವು, ಅವನು ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಕೂಡ ಕೊಟ್ಟೆವು. ಆದರೂ ಅಂಕ ಏರಲಿಲ್ಲ. ಬೇರೆ ಪೋಷಕರು ‘ಅವನಿಗೆ ಮಾತ್ರ ಯಾಕೆ ರಿಯಾಯಿತಿ?’ ಅಂತ ಕೇಳುತ್ತಿದ್ದಾರೆ. ಏನು ಮಾಡಲಿ ಮೇಡಂ?

ಉತ್ತರ: ಪರೀಕ್ಷೆಗೆ ಮುಂಚೆ ಅವನು ಎಂದಾದರೂ ಸ್ಕ್ರೈಬ್ ಜೊತೆ ಕೂತಿದ್ದನಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಕೂತಿಲ್ಲ ಅಂದರೆ ಅಂಕ ಏರದಿದ್ದದ್ದು ಆಶ್ಚರ್ಯವಲ್ಲ.

ಹೇಳಿ ಬರೆಸುವುದು ಸುಲಭ ಅಂತ ನಮಗೆ ಕಾಣುತ್ತದೆ. ಲೆಕ್ಕದಲ್ಲಂತೂ ಅದು ಬಹಳ ಕಷ್ಟ. 38ನ್ನು 3ರಿಂದ ಗುಣಿಸಬೇಕು ಅಂದುಕೊಳ್ಳಿ. ಬರೆಯುವ ಮಗು ‘ಮೂರೆಂಟ್ಲ ಇಪ್ಪತ್ನಾಲ್ಕು’ ಅಂತ ಮನಸ್ಸಲ್ಲೇ ಅಂದುಕೊಂಡು ಮುಂದೆ ಹೋಗುತ್ತದೆ. ಹೇಳಿ ಬರೆಸುವ ಮಗು ‘ಬಿಡಿ ಸ್ಥಾನದಲ್ಲಿ 4 ಬರೆಯಿರಿ, ದಶಕ 2 ಹತ್ತರ ಸ್ಥಾನದ ಮೇಲೆ ಇಡಿ’ ಅಂತ ಬಾಯಿಬಿಟ್ಟು ಹೇಳಬೇಕು. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳು ಗುರುತಿಲ್ಲದ ಸ್ಕ್ರೈಬ್ ಎದುರು ಮೊದಲ ಪುಟ ಪೂರ್ತಿ ಸುಮ್ಮನೆ ಕೂತಿದ್ದಳು. ಉತ್ತರ ಗೊತ್ತಿತ್ತು, ಹೇಳುವ ರೂಢಿ ಇರಲಿಲ್ಲ. ಅದಕ್ಕೇ ನಾನು ಯಾವ ಶಾಲೆಗೆ ಹೋದರೂ ಇದನ್ನೇ ಹೇಳುತ್ತೇನೆ: ಪರೀಕ್ಷೆಯ ದಿನ ಕೊಡುವ ಸಹಾಯವನ್ನು ತರಗತಿಯಲ್ಲಿ, ವಾರದ ಟೆಸ್ಟ್‌ಗಳಲ್ಲಿ ಮೊದಲೇ ಕೊಟ್ಟಿರಬೇಕು.

ಇನ್ನೊಂದು, ಅವನಿಗೆ ಬೇಕಾದದ್ದು ಸ್ಕ್ರೈಬೇ ಹೌದಾ ಅಂತ ನೋಡಿ. ತೊಂದರೆ ಓದುವುದರಲ್ಲಿದ್ದರೆ ವಾಕ್ಯ ರೂಪದ ಲೆಕ್ಕಗಳನ್ನು ಯಾರಾದರೂ ಓದಿ ಹೇಳಲಿ. ಏರಿಳಿತದಿಂದ ಉತ್ತರದ ಸುಳಿವು ಸಿಗದ ಹಾಗೆ, ಸಮನಾಗಿ. ಗಣಿತದಲ್ಲಿ ನಾವು ಅಳೆಯುವುದು ಲೆಕ್ಕವನ್ನು, ಓದನ್ನಲ್ಲ. ಅಕ್ಷರ ಕೂಡಿಸಿ ಓದುವುದನ್ನೇ ಅಳೆಯುವ ಭಾಷೆಯ ಟೆಸ್ಟ್‌ನಲ್ಲಿ ಮಾತ್ರ ಹೀಗೆ ಓದಿ ಹೇಳುವಂತಿಲ್ಲ. ಹೆಚ್ಚುವರಿ ಸಮಯವೂ ಎಲ್ಲರಿಗೂ ಮದ್ದಲ್ಲ. ನಿಧಾನವಾಗಿ ಓದುವವನಿಗೆ ಅದು ಬೇಕೇ ಬೇಕು. ಬೇಗ ಗಮನ ಚದುರುವ ಮಗುವಿಗೆ ಇನ್ನೂ ಅರ್ಧ ಗಂಟೆ ಕೂರುವುದೇ ಶಿಕ್ಷೆ. ಅಂಥವರಿಗೆ ಮಧ್ಯೆ ವಿರಾಮ, ಗದ್ದಲವಿಲ್ಲದ ಕೋಣೆ ಜಾಸ್ತಿ ಉಪಯೋಗ.

ಪಾಠದಲ್ಲೂ ಹೀಗೇ. ಭಿನ್ನರಾಶಿ ಕೂಡುವುದನ್ನು ಒಬ್ಬರು ಕಾಗದದ ಪಟ್ಟಿ ಮಡಚಿ ಕಲಿಯಲಿ, ಇನ್ನೊಬ್ಬರು ಸಂಖ್ಯಾರೇಖೆಯ ಮೇಲೆ. ಗುಂಪುಗಳನ್ನು ಆಗಾಗ ಬದಲಿಸಿ, ಇಲ್ಲದಿದ್ದರೆ ಅವನ ಗುಂಪಿಗೆ ‘ದಡ್ಡರ ಗುಂಪು’ ಅಂತ ಹೆಸರು ಬೀಳುತ್ತದೆ. ಮಕ್ಕಳ ಬಾಯಲ್ಲಿ ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಗುರಿ ಎಲ್ಲರಿಗೂ ಒಂದೇ ಇರಲಿ. ಅವನಿಗೆ ಮಾತ್ರ ಸುಲಭದ ಲೆಕ್ಕ ಕೊಟ್ಟರೆ ಅದು ಬೇರೆ ಪಾಠ. ಕೆಲವು ಮಕ್ಕಳಿಗೆ ಅದೂ ಬೇಕಾಗುತ್ತದೆ, ಆಗ ಅವರ ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿ.

ಪೋಷಕರಿಗೆ ಅದೇ ಪ್ರಶ್ನೆಪತ್ರಿಕೆ, ಅದೇ ಮೌಲ್ಯಮಾಪನ ಅಂತ ಹೇಳಿ. ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅಂತ 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯೇ ಹೇಳುತ್ತದೆ. ಅವನ ತೊಂದರೆಯ ವಿವರ ಮಾತ್ರ ಅವರಿಗೆ ಹೇಳಬೇಡಿ.

ಮುಂದಿನ ಟೆಸ್ಟ್ ಮುಗಿದ ಮೇಲೆ ಯಾವುದು ಉಪಯೋಗವಾಯಿತು, ಯಾವುದು ಕಿರಿಕಿರಿ ಆಯಿತು ಅಂತ ಅವನನ್ನೇ ಕೇಳಿ ಬರೆದಿಡಿ.