40% ಡಿಸ್ಕೌಂಟ್ ಯಾವುದರ ಮೇಲೆ?

4 ಲಕ್ಷದ ಮಾಡ್ಯುಲರ್ ಕಿಚನ್‌ಗೆ 40% ಡಿಸ್ಕೌಂಟ್, ಆದರೆ ಇದೇ ವಾರ ಅಡ್ವಾನ್ಸ್ ಕೊಡಬೇಕಂತೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ಅವಸರ ಬೇಡ. ಇಂಥ ಆಫರ್ ಮುಂದಿನ ವಾರವೂ ಇರುತ್ತದೆ ಬಿಡಿ.

ಡಿಸ್ಕೌಂಟ್ ಯಾವುದರ ಮೇಲೆ ಅಂತ ಮೊದಲು ಕೇಳಿ. ಎಷ್ಟೋ ಕಡೆ ಅದು ಮರದ ಕೆಲಸಕ್ಕೆ ಮಾತ್ರ. ಬಾಸ್ಕೆಟ್, ಡ್ರಾಯರ್ ಚಾನೆಲ್, ಹಿಂಜ್‌ಗಳಿಗೆ ಇರುವುದಿಲ್ಲ. ಮರದ ಕೆಲಸ 2.5 ಲಕ್ಷ ಅಂದುಕೊಳ್ಳಿ. ಕಡಿಮೆಯಾಗುವುದು 1 ಲಕ್ಷ, ಅಂದರೆ ಒಟ್ಟು ಬಿಲ್ಲಿನ 25% ಅಷ್ಟೇ. ಮಿಕ್ಕ 3 ಲಕ್ಷಕ್ಕೆ 18% ಜಿಎಸ್‌ಟಿ ಸೇರಿದರೆ 3.54 ಲಕ್ಷ! ಗ್ರಾನೈಟ್, ಚಿಮಣಿ, ಪ್ಲಂಬಿಂಗ್ ಖರ್ಚು ಸಾಮಾನ್ಯವಾಗಿ ಬೇರೆ.

ಸುಮ್ನೆ 'ವಾಟರ್‌ಪ್ರೂಫ್ ಪ್ಲೈ' ಅಂತ ಬರೆದುಕೊಟ್ಟರೆ ಒಪ್ಪಬೇಡಿ. ಸಿಂಕ್ ಕೆಳಗಿನ ಬಾಕ್ಸ್‌ಗಾದರೂ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈಗೆ ಇರುವ ಭಾರತೀಯ ಮಾನದಂಡ) ಪ್ಲೈವುಡ್ ಅಂತ, ಕಂಪನಿ ಹೆಸರು, ದಪ್ಪ ಸಮೇತ ಕೊಟೇಶನ್‌ನಲ್ಲಿ ಬರೆಸಿ. ಐಎಸ್‌ಐ ಗುರುತಿನ ಜೊತೆ ಆ ನಂಬರ್ ಶೀಟ್ ಮೇಲೆಯೇ ಇರುತ್ತದೆ, ಮಾಲು ಬಂದಾಗ ನೋಡಿಕೊಳ್ಳಿ. ಮರದ ಪುಡಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ನೀರು ಕುಡಿದರೆ ಊದಿಕೊಳ್ಳುತ್ತದೆ. ಡಿಸ್ಕೌಂಟ್ ಜಾಸ್ತಿ ತೋರಿಸಿ ಇಲ್ಲೇ ಕೈಯಾಡಿಸುವುದು ಸುಲಭ ಅಲ್ವಾ?

ರೇಟ್ ಚದರಡಿಗೆ ಇಷ್ಟು ಅಂತಿದ್ದರೆ, ಆ ಲೆಕ್ಕ ಬಾಗಿಲಿನ ಅಳತೆಗೋ ಒಳಗಿನ ಶೆಲ್ಫ್‌ಗಳೂ ಸೇರಿಯೋ ಅಂತಲೂ ಕೇಳಿ. ಆಮೇಲೆ ಅದೇ ಡ್ರಾಯಿಂಗ್ ಹಿಡಿದು ನಿಮ್ಮ ಏರಿಯಾದ ಕಾರ್ಪೆಂಟರ್ ಹತ್ತಿರವೂ ಒಂದು ರೇಟ್ ತಗೊಳ್ಳಿ.