ಪರಿಸರ ಯೋಜನೆಗಳ ಮೂಲಕ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವುದು ಹೇಗೆ?

ಪರಿಸರ ಯೋಜನೆಯೆಂದರೆ ಚಾರ್ಟು ಮತ್ತು ಥರ್ಮೋಕೋಲ್ ಮಾದರಿಗಳಷ್ಟೇ ಆಗುತ್ತಿವೆ, ನಿಜವಾಗಿ ವಿಜ್ಞಾನ ಕಲಿಸುವ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು ಎಂದು ತಾವು ಕೇಳಿದ್ದೀರಿ. ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಪಾಠ ಮಾಡುವ ನನ್ನ ಅನುಭವದಲ್ಲಿ, ಮಕ್ಕಳ ಮನೆಗೆ ಬರುವ ನೀರಿಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ.

ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲವೆಂಬುದು ನಮ್ಮ ಪ್ರತಿಯೊಂದು ಮಗುವಿಗೂ ಗೊತ್ತು. ಹತ್ತನೆಯ ತರಗತಿಯ ಕಾರ್ಬನ್ ಸಂಯುಕ್ತಗಳ ಪಾಠದಲ್ಲಿ ಬರುವ ಗಡಸು ನೀರು ಇದೇ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಆದ್ದರಿಂದ ಕೊಳವೆಬಾವಿ, ಕೆರೆ ಮತ್ತು ಮಳೆಯ ನೀರನ್ನು ಒಂದೇ ಬಗೆಯ ಸೀಸೆಗಳಲ್ಲಿ ಸಮ ಅಳತೆಗೆ ತುಂಬಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕುತ್ತಾ, ನಿಲ್ಲುವಂಥ ನೊರೆ ಬರಲು ಎಷ್ಟು ಹನಿ ಬೇಕಾಯಿತೆಂದು ಬರೆದಿಡಲು ಹೇಳುತ್ತೇನೆ. ಮಳೆನೀರಿಗೆ ಕೆಲವೇ ಹನಿ ಸಾಕಾಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ನೊರೆಗೆ ಬದಲು ಬಿಳಿಯ ಗಷ್ಟು ಕಂಡಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳ ಮಾತನ್ನು ಮಕ್ಕಳೇ ಎತ್ತುತ್ತಾರೆ. ಒಂದು ವರ್ಷ ಒಂದು ಗುಂಪಿನವರು ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿಯನ್ನು ಕರಗಿಸಿ ತಂದಿದ್ದರಿಂದ ಮೂರು ಸೀಸೆಗಳಲ್ಲೂ ನೊರೆ ಉಕ್ಕಿತು. ಅವರ ಲೆಕ್ಕ ಉಳಿದವರ ಲೆಕ್ಕಕ್ಕೆ ಹೊಂದದೆ ಇಡೀ ತರಗತಿ ಕಾರಣ ಹುಡುಕಲು ಕುಳಿತ ಆ ದಿನದಂತೆ ಸಾಬೂನಿಗೂ ಡಿಟರ್ಜೆಂಟಿಗೂ ಇರುವ ವ್ಯತ್ಯಾಸವನ್ನು ನಾನು ಬೇರೆಂದೂ ಕಲಿಸಿಲ್ಲ. ತಪ್ಪಿದ ಅಂಕಿಯನ್ನು ಅಳಿಸಲು ದಯವಿಟ್ಟು ಬಿಡಬೇಡಿ.

ಮುಂಗಾರು ಆರಂಭವಾದ ಮೇಲೆ ಮಳೆಯನ್ನೂ ಅಳೆಯಬಹುದು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರಾಗುವುದರಿಂದ, 100 ಚದರ ಮೀಟರಿನ ಚಾವಣಿಗೆ 10 ಮಿಲಿಮೀಟರ್ ಮಳೆಯಲ್ಲಿ 1000 ಲೀಟರ್ ಸಿಗಬೇಕು. ತೊಟ್ಟಿಗೆ ಬಂದದ್ದು ಅದಕ್ಕಿಂತ ಕಡಿಮೆಯೇಕೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ.

ಒಂದು ಎಚ್ಚರಿಕೆ ಅಗತ್ಯ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಿದೆ. ಅದು ರುಚಿಯಿಂದಾಗಲಿ ನೊರೆಯಿಂದಾಗಲಿ ತಿಳಿಯುವುದಿಲ್ಲ, ನೀರನ್ನು ಕುದಿಸಿದರೆ ಹೋಗುವುದೂ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಅದರ ಗರಿಷ್ಠ ಮಿತಿ. ಈ ಪರೀಕ್ಷೆಗೆ ಮಾದರಿಯನ್ನು ಪ್ರಯೋಗಾಲಯಕ್ಕೇ ಕಳುಹಿಸಿ, ಬಂದ ವರದಿಯನ್ನು ಮಕ್ಕಳ ಮುಂದೆಯೇ ಓದಿ, ಅವರ ಮನೆಗಳಿಗೂ ತಲುಪಿಸಿ.