ಓದುಗರ ಪ್ರಶ್ನೆಗಳು: ಅಮೆರಿಕದ ಹಳೇ ರೈಲ್ವೆ ಸ್ಟೇಷನ್‌ಗಳಲ್ಲಿ ಏನು ನೋಡಬೇಕು, ಹೇಗೆ ಫೋಟೋ ತೆಗೆಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ಹಳೇ ಸ್ಟೇಷನ್‌ಗಳ ಬಗ್ಗೆಯೇ ಜಾಸ್ತಿ. ಮಕ್ಕಳ ಮನೆಗೆ ಹೋಗಿರುವ ಅಪ್ಪ ಅಮ್ಮಂದಿರು ಬರೆದದ್ದೇ ಹೆಚ್ಚು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಮಗನ ಮನೆಗೆ ಬಂದಿದ್ದೇವೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನೋಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಳಗೆ ಫೋಟೋ ತೆಗೆಯಲು ಬಿಡುತ್ತಾರಾ? (ಓದುಗರು, ಎಡಿಸನ್, ನ್ಯೂಜೆರ್ಸಿ)

ಬಿಡುತ್ತಾರೆ. ಮೊಬೈಲಾಗಲಿ ಕ್ಯಾಮೆರಾ ಆಗಲಿ, ಕೈಯಲ್ಲಿ ಹಿಡಿದು ಧಾರಾಳವಾಗಿ ತೆಗೆಯಿರಿ. ಟ್ರೈಪಾಡ್ ಮಾತ್ರ ಮನೆಯಲ್ಲೇ ಇರಲಿ, ಅದಕ್ಕೆ ಮೊದಲೇ ಅನುಮತಿ ಬೇಕು.

ಆದರೆ ಅಲ್ಲಿಗೆ ಹೋಗುವ ಮುಂಚೆ ಒಂದು ಮಾತು. ಎಡಿಸನ್‌ನಲ್ಲಿ ಹತ್ತಿದ ರೈಲು ನಿಮ್ಮನ್ನು ಇಳಿಸುವುದು ಪೆನ್ ಸ್ಟೇಷನ್‌ನಲ್ಲಿ. ನೆಲದಡಿಯ ಜಾಗ, ತಲೆ ಮೇಲೆ ತಗ್ಗು ಸೂರು, ಸುತ್ತ ನೂಕುನುಗ್ಗಲು. ಎಲ್ಲರೂ ಸರಸರ ಆಚೆ ಬಂದುಬಿಡುತ್ತಾರೆ. ನೀವು ಸ್ವಲ್ಪ ನಿಲ್ಲಿ. ಇದೇ ಜಾಗದ ಮೇಲೆ 1910ರಲ್ಲಿ ತೆರೆದ, ಗುಲಾಬಿ ಗ್ರಾನೈಟಿನ ಭಾರಿ ಸ್ಟೇಷನ್ ಒಂದಿತ್ತು. 1963ರ ಅಕ್ಟೋಬರ್‌ನಲ್ಲಿ ಅದನ್ನು ಒಡೆಯಲು ಶುರು ಮಾಡಿದರು. ಈಗ ಅದರ ಜಾಗದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಇದೆ. ಹಳೇ ಕಟ್ಟಡದ ಗೋಡೆ ಮೇಲಿದ್ದ ಕಲ್ಲಿನ ಹದ್ದುಗಳು ಊರೂರಿಗೆ ಹಂಚಿಹೋದವು. ಅವುಗಳಲ್ಲಿ ನಾಲ್ಕು ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟ್ ಸೇತುವೆ ಮೇಲಿವೆ, 1933ರ ಥರ್ಟಿಯೆತ್ ಸ್ಟ್ರೀಟ್ ಸ್ಟೇಷನ್ನಿಗೆ ಹತ್ತಿರವೇ. ಆ ಕಡೆ ಹೋದರೆ ತಪ್ಪದೆ ನೋಡಿ.

ಪೆನ್ ಸ್ಟೇಷನ್ ಹೋದ ನೋವಿನಿಂದಲೇ ನ್ಯೂಯಾರ್ಕಿಗೆ 1965ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಕಾನೂನು ಬಂತು. ಆಮೇಲೆ ಗ್ರ್ಯಾಂಡ್ ಸೆಂಟ್ರಲ್ ತಲೆ ಮೇಲೂ ಒಂದು ಗೋಪುರ ಕಟ್ಟುತ್ತೇವೆ ಅಂತ ಅದರ ಒಡೆತನದ ರೈಲ್ವೆ ಕಂಪನಿ ಹೊರಟಾಗ ಊರಿನ ಜನ ಎದ್ದು ನಿಂತರು, ಅಧ್ಯಕ್ಷ ಜಾನ್ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರೇ ಮುಂದೆ ನಿಂತು ಪ್ರಚಾರ ಮಾಡಿದರು, ಕೊನೆಗೆ 1978ರಲ್ಲಿ ಸುಪ್ರೀಂ ಕೋರ್ಟು ಊರಿನ ಪರ ತೀರ್ಪು ಕೊಟ್ಟಿತು. ಅದಕ್ಕೇ ಹೇಳುವುದು, ಮೊದಲು ಪೆನ್ ಸ್ಟೇಷನ್, ಆಮೇಲೆ ಗ್ರ್ಯಾಂಡ್ ಸೆಂಟ್ರಲ್. ಕಳೆದದ್ದನ್ನು ನೋಡಿದ ಮೇಲೆ ಉಳಿದದ್ದರ ಬೆಲೆ ತಾನಾಗಿ ಗೊತ್ತಾಗುತ್ತದೆ.

1913ರಲ್ಲಿ ತೆರೆದ ಈ ಕಟ್ಟಡಕ್ಕೆ ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಪಶ್ಚಿಮದ ಬಾಲ್ಕನಿ ಹತ್ತಿದರೆ ನಾಲ್ಕು ಮುಖದ ಗಡಿಯಾರ, ಎತ್ತರದ ಕಿಟಕಿಗಳು, ಕೆಳಗೆ ಓಡಾಡುವ ಜನ, ಎಲ್ಲವೂ ಒಂದೇ ಚೌಕಟ್ಟಿಗೆ ಸಿಗುತ್ತವೆ. ಹಳೇ ಕಪ್ಪುಬಿಳುಪು ಚಿತ್ರಗಳಲ್ಲಿ ಕಾಣುವ ಆ ದಪ್ಪ ಬಿಸಿಲುಕೋಲುಗಳು ಈಗ ಹಾಗೆ ಬೀಳುವುದಿಲ್ಲ, ಸುತ್ತ ಎತ್ತರದ ಕಟ್ಟಡಗಳು ಎದ್ದಿವೆ. ಚಾವಣಿಯ ನಕ್ಷತ್ರಗಳನ್ನು ತೆಗೆಯುವಾಗ ಕರ್ಕಾಟಕದ ಏಡಿ ಹತ್ತಿರ ಒಂದು ಪುಟ್ಟ ಕಪ್ಪು ಚೌಕ ಹುಡುಕಿ. 1990ರ ದಶಕದಲ್ಲಿ ಚಾವಣಿ ತೊಳೆದವರು ಮೊದಲು ಎಷ್ಟು ಕೊಳೆ ಇತ್ತು ಅಂತ ತೋರಿಸಲು ಅಷ್ಟನ್ನು ಹಾಗೇ ಬಿಟ್ಟಿದ್ದಾರೆ. ಕೆಳ ಅಂತಸ್ತಿನ ಆಯ್ಸ್ಟರ್ ಬಾರ್ ಎದುರಿನ ಕಮಾನಿನ ಕೆಳಗೆ ಒಬ್ಬರು ಒಂದು ಮೂಲೆಗೆ, ಇನ್ನೊಬ್ಬರು ಎದುರು ಮೂಲೆಗೆ ಮುಖ ಮಾಡಿ ಪಿಸುಗುಟ್ಟಿ. ನಮ್ಮ ವಿಜಯಪುರದ ಗೋಳಗುಮ್ಮಟದ ಹಾಗೆ ಮಾತು ಚಾವಣಿ ಹಿಡಿದು ಆ ಕಡೆ ಸೇರುತ್ತದೆ.

ಪ್ರಶ್ನೆ: ಇಲ್ಲಿ ಸಣ್ಣ ಊರುಗಳಲ್ಲೂ ಹಳೇ ಸ್ಟೇಷನ್ ಇವೆ. ನೋಡಿದರೆ ಸಾಮಾನ್ಯ ಮನೆಯ ಹಾಗೆ ಇರುತ್ತವೆ. ಅವುಗಳಲ್ಲಿ ಫೋಟೋ ತೆಗೆಯುವಂಥದ್ದು ಏನಿರುತ್ತದೆ? (ಓದುಗರು, ಶಾರ್ಲೆಟ್, ನಾರ್ತ್ ಕ್ಯಾರೊಲಿನಾ)

ನನಗೆ ತುಂಬ ಇಷ್ಟದ ಪ್ರಶ್ನೆ. ದೊಡ್ಡ ಸ್ಟೇಷನ್‌ಗಳನ್ನು ಲಕ್ಷಾಂತರ ಜನ ಫೋಟೋ ತೆಗೆದಿದ್ದಾರೆ. ಸಣ್ಣವನ್ನು ತೆಗೆಯುವವರು ಕಡಿಮೆ, ಆದರೆ ಅಲ್ಲಿ ಹೇಗೆ ಕೆಲಸ ನಡೆಯುತ್ತಿತ್ತು ಅಂತ ಕಟ್ಟಡವೇ ಹೇಳುತ್ತದೆ.

ಮೊದಲು ಹಳಿಗಳ ಕಡೆಯ ಗೋಡೆ ನೋಡಿ. ನಡುವೆ ಒಂದು ಕಿಟಕಿ ಹೊರಗೆ ಚಾಚಿಕೊಂಡಿರುತ್ತದೆ. ಅದು ಅಂದಕ್ಕೆ ಇಟ್ಟದ್ದಲ್ಲ. ಒಳಗೆ ಟೆಲಿಗ್ರಾಫ್ ಮುಂದೆ ಕೂತ ಏಜೆಂಟು ಕುರ್ಚಿ ಬಿಡದೆ ಎರಡೂ ದಿಕ್ಕಿಗೆ ಹಳಿ ನೋಡಬೇಕಿತ್ತು, ಅದಕ್ಕೇ ಆ ಕಿಟಕಿ. ಅದರ ಪಕ್ಕದಲ್ಲೋ ಮೇಲೆಯೋ ಕೈಮರದ ಸಿಗ್ನಲ್ ನಿಂತಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಮುಂದಿನ ಆದೇಶ ತೆಗೆದುಕೊಂಡು ಹೋಗು ಅಂತ ಡ್ರೈವರ್‌ಗೆ ಹೇಳುತ್ತಿದ್ದದ್ದು ಅದು. ಅಗಲವಾದ ಬಾಗಿಲು ಯಾವ ತುದಿಯಲ್ಲಿದೆಯೋ ಅದು ಸಾಮಾನಿನ ಕೋಣೆ. ಸೂರು ಗೋಡೆ ಬಿಟ್ಟು ಅಷ್ಟು ಮುಂದಕ್ಕೆ ಬಂದಿರುವುದು ಯಾಕೆ ಅಂತ ಮಳೆ ಬಂದ ದಿನ ಹೋದರೆ ಅರ್ಥವಾಗುತ್ತದೆ.

ನೀವಿರುವುದು ದಕ್ಷಿಣದ ರಾಜ್ಯದಲ್ಲಿ. ಹಾಗಾಗಿ ಇನ್ನೊಂದನ್ನು ಗಮನಿಸಲೇಬೇಕು. ಅಷ್ಟು ಸಣ್ಣ ಕಟ್ಟಡದಲ್ಲಿ ಎರಡು ವೇಟಿಂಗ್ ರೂಮು, ಎರಡು ಬಾಗಿಲು, ನಡುವೆ ಒಂದೇ ಟಿಕೆಟ್ ಕೋಣೆ, ಅದಕ್ಕೆ ಎರಡೂ ಕಡೆ ಕಿಂಡಿ. ದಕ್ಷಿಣದ ಸ್ಟೇಷನ್‌ಗಳಲ್ಲಿ ಎಷ್ಟೋ ಕಡೆ ಒಂದು ಕೋಣೆ ಬಿಳಿಯರಿಗೆ, ಇನ್ನೊಂದು ಕಪ್ಪು ಜನರಿಗೆ ಇತ್ತು. ಎರಡನೆಯದು ಬಹುತೇಕ ಚಿಕ್ಕದು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಪ್ರಯಾಣಿಕರಿಗೆ ಈ ಭೇದ ಕೂಡದು ಅಂತ ಅಂತರರಾಜ್ಯ ವಾಣಿಜ್ಯ ಆಯೋಗ ಆದೇಶ ಮಾಡಿದ್ದು 1955ರಲ್ಲಿ. ರಿಪೇರಿ ಮಾಡುವಾಗ ಆ ನಡುಗೋಡೆ ತೆಗೆದು ಒಂದೇ ಹಾಲ್ ಮಾಡಿದರೆ ಆ ಇತಿಹಾಸ ಕಣ್ಣಿಗೆ ಕಾಣದೆ ಹೋಗುತ್ತದೆ. ಅದಕ್ಕೇ ಗೋಡೆ, ಬಾಗಿಲು, ಕಿಂಡಿ ಮೂರನ್ನೂ ದಯವಿಟ್ಟು ತೆಗೆಯಿರಿ. ಚಂದದ ಫೋಟೋ ಆಗದಿದ್ದರೂ ಸರಿ.

ನಿಮ್ಮ ರಾಜ್ಯದಲ್ಲೇ ಹ್ಯಾಮ್ಲೆಟ್ ಎಂಬ ಊರಿದೆ. 1900ರ ಸ್ಟೇಷನ್, ಎರಡು ರೈಲು ಮಾರ್ಗಗಳು ಒಂದನ್ನೊಂದು ದಾಟುವ ಮೂಲೆಯಲ್ಲಿ ದುಂಡಗೆ ಸುತ್ತಿಕೊಂಡು ನಿಂತಿದೆ. ಉಳಿಸಿಕೊಳ್ಳಬೇಕು ಅಂತ ಇಡೀ ಕಟ್ಟಡವನ್ನು ಎತ್ತಿ ಹಳಿಯ ಆಚೆ ಬದಿಗೆ ಸರಿಸಿದರು. ದೇಶದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ರೈಲು ಇಂದಿಗೂ ಅಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಮಗಳ ಸೀಮಂತದ ಫೋಟೋವನ್ನು ಹಳೇ ಸ್ಟೇಷನ್ ಪಕ್ಕದ ಹಳಿಗಳ ಮೇಲೆ ತೆಗೆಸೋಣ ಅಂತಿದ್ದೇವೆ. ಅಲ್ಲಿ ರೈಲು ಓಡಾಡಿದ್ದನ್ನು ಯಾರೂ ನೋಡಿಲ್ಲ. (ಓದುಗರು, ಡಲ್ಲಾಸ್)

ಬೇಡಮ್ಮ, ದಯವಿಟ್ಟು ಬೇಡ. ಅಲ್ಲಿ ಹಳಿ ಅಂದರೆ ಬೇರೆಯವರ ಜಾಗ, ಅನುಮತಿ ಇಲ್ಲದೆ ಕಾಲಿಟ್ಟರೆ ಅಪರಾಧ. ಅದಕ್ಕಿಂತ ದೊಡ್ಡದು ಜೀವದ ಮಾತು. ಗೂಡ್ಸ್ ಗಾಡಿಗೆ ಟೈಮ್ ಟೇಬಲ್ ಇರುವುದಿಲ್ಲ, ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಬೇಕಾದರೂ ಬರಬಹುದು. ಗಂಟೆಗೆ 55 ಮೈಲಿ ವೇಗದ ಗಾಡಿ ಬ್ರೇಕ್ ಹಾಕಿದ ಮೇಲೂ ನಿಲ್ಲಲು ಒಂದು ಮೈಲಿಗಿಂತ ಜಾಸ್ತಿ ದೂರ ಬೇಕು. ಗಾಡಿಯ ಮೈ ಹಳಿಯಿಂದ ಮೂರು ಅಡಿಯಷ್ಟು ಹೊರಗೆ ಚಾಚಿರುತ್ತದೆ, ಪಕ್ಕದಲ್ಲಿ ನಿಂತರೂ ಅಪಾಯವೇ.

ನಿಮಗೆ ಹತ್ತಿರದಲ್ಲೇ ಗ್ರೇಪ್‌ವೈನ್‌ನಲ್ಲಿ ಹಳೇ ಕಾಲದ ಬೋಗಿಗಳಿರುವ ಪ್ರವಾಸಿ ರೈಲು ಇದೆ. ಅಲ್ಲಿನವರನ್ನು ಕೇಳಿ, ಪ್ಲಾಟ್‌ಫಾರ್ಮಿನ ಮೇಲೆ ತೆಗೆಸಿಕೊಳ್ಳಿ.

ಪ್ರಶ್ನೆ: ನಮಗೆ ಕಾರು ಓಡಿಸಲು ಬರುವುದಿಲ್ಲ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ನೋಡಿ ಬರುವಂಥ ಸ್ಟೇಷನ್‌ಗಳು ಇವೆಯಾ? (ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಇವೆ, ಅದೂ ರೈಲಿನಲ್ಲೇ ಹೋಗುವಂಥವು. ಫ್ರೀಮಾಂಟಿನ ಸೆಂಟರ್‌ವಿಲ್ ಸ್ಟೇಷನ್‌ನಲ್ಲಿ ಕ್ಯಾಪಿಟಲ್ ಕಾರಿಡಾರ್ ಹತ್ತಿದರೆ ಸಾಂತಾ ಕ್ಲಾರಾದಲ್ಲಿ ಇಳಿಯಬಹುದು. ಅಲ್ಲಿನ ಮರದ ಸ್ಟೇಷನ್ 1863ರದ್ದು, ಅಂದರೆ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಸೇರಿಸಿದ ರೈಲು ಮಾರ್ಗ 1869ರಲ್ಲಿ ಮುಗಿಯುವ ಮುಂಚಿನದು. ಅಲ್ಲಿಂದ ಕ್ಯಾಲ್‌ಟ್ರೇನ್ ಹತ್ತಿ ಬರ್ಲಿಂಗೇಮ್‌ಗೆ ಹೋಗಿ. 1894ರ ಕಟ್ಟಡ, ಕೆಂಪು ಹೆಂಚು, ಕಮಾನುಗಳು. ಕ್ಯಾಲಿಫೋರ್ನಿಯಾದ ಹಳೇ ಚರ್ಚುಗಳ ಶೈಲಿಯನ್ನು ಹೊಸದಾಗಿ ತಂದ ಮೊದಲ ಕಟ್ಟಡಗಳಲ್ಲಿ ಅದೂ ಒಂದು. ವಾಪಸ್ ಬರುವಾಗ ಸ್ಯಾನ್ ಹೊಸೆಯ 1935ರ ಡಿರಿಡಾನ್ ಸ್ಟೇಷನ್‌ನಲ್ಲಿ ರೈಲು ಬದಲಿಸಿ.

ಫೋಟೋಗೆ ಒಂದು ಸೂಚನೆ. 2024ರ ಸೆಪ್ಟೆಂಬರ್‌ನಿಂದ ಕ್ಯಾಲ್‌ಟ್ರೇನ್ ವಿದ್ಯುತ್ತಿನಲ್ಲಿ ಓಡುತ್ತಿದೆ, ಪ್ಲಾಟ್‌ಫಾರ್ಮ್ ಕಡೆಯಿಂದ ತೆಗೆದರೆ ಕಂಬ, ತಂತಿ ಬಂದೇ ಬರುತ್ತವೆ. ತಂತಿ ಬೇಡ ಅನ್ನುವವರು ರಸ್ತೆ ಕಡೆಯಿಂದ ತೆಗೆಯಿರಿ. ನನ್ನನ್ನು ಕೇಳಿದರೆ ತಂತಿ ಇರಲಿ, ಈ ಸ್ಟೇಷನ್ ಈಗಲೂ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು.

ಪ್ರಶ್ನೆ: ಡೆಟ್ರಾಯಿಟ್‌ನಲ್ಲಿ ರೈಲೇ ಬಾರದ ಸ್ಟೇಷನ್ನಿಗೆ ಅಷ್ಟೊಂದು ದುಡ್ಡು ಸುರಿದಿದ್ದಾರೆ. ಅದನ್ನು ನೋಡುವುದರಲ್ಲಿ ಏನಿದೆ? (ಓದುಗರು, ಟ್ರಾಯ್, ಮಿಷಿಗನ್)

ನಿಮ್ಮ ಬೇಸರ ಅರ್ಥವಾಗುತ್ತದೆ, ಅಲ್ಲಿ ಮತ್ತೆ ರೈಲು ನಿಲ್ಲಬೇಕು ಅನ್ನುವ ಆಸೆ ನನಗೂ ಇದೆ. ಆದರೂ ಹೋಗಿ ಬನ್ನಿ. ಮಿಷಿಗನ್ ಸೆಂಟ್ರಲ್ ಶುರುವಾದದ್ದು 1913ರ ಕೊನೆಯಲ್ಲಿ. ಗ್ರ್ಯಾಂಡ್ ಸೆಂಟ್ರಲ್‌ನ ವಾಸ್ತುಶಿಲ್ಪಿಗಳದೇ ಕೆಲಸ. 1988ರ ಜನವರಿಯಲ್ಲಿ ಕೊನೆಯ ರೈಲು ಹೊರಟ ಮೇಲೆ ಮೂವತ್ತು ವರ್ಷ ಅದು ಮಳೆ, ಹಿಮ, ಕಳ್ಳರ ಪಾಲಾಗಿತ್ತು. ಆಗ ದೂರದೂರದಿಂದ ಫೋಟೋಗ್ರಾಫರ್‌ಗಳು ಬಂದು ಒಡೆದ ಕಿಟಕಿಗಳನ್ನು ಮಾತ್ರ ತೆಗೆದು ಹೋಗುತ್ತಿದ್ದರು. ಆ ಚಿತ್ರಗಳಲ್ಲಿ ಆ ಊರಿನ ಜನ ಇರುತ್ತಲೇ ಇರಲಿಲ್ಲ. ಪಾಳು ಕಟ್ಟಡ ಬೇಗ ಚಂದ ಕಾಣುತ್ತದೆ, ಆದರೆ ಸುತ್ತ ಬದುಕುತ್ತಿರುವವರನ್ನು ಬಿಟ್ಟು ತೆಗೆದ ಚಿತ್ರ ಅರ್ಧ ಸತ್ಯ ಅಂತಲೇ ನನ್ನ ಅಭಿಪ್ರಾಯ.

2018ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡಿತು, 2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಹಳೇ ಕಲ್ಲಿಗೆ ಹೊಂದುವ ಕಲ್ಲು ಬೇಕು ಅಂತ ಇಂಡಿಯಾನಾದಲ್ಲಿ ಮುಚ್ಚಿಹೋಗಿದ್ದ ಕ್ವಾರಿಯನ್ನೇ ಹುಡುಕಿ ಕಲ್ಲು ತಂದರು. ವೇಟಿಂಗ್ ಹಾಲಿನ ಕಮಾನಿನ ಚಾವಣಿಯಲ್ಲಿ ಸುಮಾರು 29,000 ಬಿಲ್ಲೆಗಳಿವೆ. ಪಾಳು ಬಿದ್ದಿದ್ದಾಗ ಗೋಡೆ ಮೇಲೆ ಬರೆದಿದ್ದ ಬಣ್ಣದ ಬರಹಗಳನ್ನೂ ಅಲ್ಲಲ್ಲಿ ಅಳಿಸದೆ ಉಳಿಸಿದ್ದಾರೆ. ಹೊಸ ಕಲ್ಲು, ಹಳೇ ಕಲ್ಲು ಸೇರುವ ಜಾಗಕ್ಕೆ ಹತ್ತಿರ ಹೋಗಿ ಫೋಟೋ ತೆಗೆಯಿರಿ, ಕಲ್ಲು ಕುಟಿಗರ ಕೈ ಅಲ್ಲಿ ಕಾಣುತ್ತದೆ.

ರೈಲು ಬೇಕೇ ಬೇಕು ಅಂದರೆ ಸಿನ್ಸಿನಾಟಿಗೆ ಹೋಗಿ. 1933ರ ಯೂನಿಯನ್ ಟರ್ಮಿನಲ್, 180 ಅಡಿ ಅಗಲದ ಅರ್ಧ ಗುಮ್ಮಟ. ಗೋಡೆಗಳ ಮೇಲೆ ವಿನೊಲ್ಡ್ ರೈಸ್ ಎಂಬ ಕಲಾವಿದರ ಬಣ್ಣದ ಮೊಸಾಯಿಕ್ ಚಿತ್ರಗಳು. ಒಳಗೆ ಈಗ ಮ್ಯೂಸಿಯಂ ನಡೆಯುತ್ತದೆ, ಕಾರ್ಡಿನಲ್ ಎಂಬ ರೈಲೂ ವಾರಕ್ಕೆ ಮೂರು ದಿನ ಬರುತ್ತದೆ, ಅದೂ ನಡುರಾತ್ರಿ ಕಳೆದ ಮೇಲೆ. ಅದೇ ರೈಲು ಪೂರ್ವಕ್ಕೆ ಹೋಗುತ್ತಾ ವೆಸ್ಟ್ ವರ್ಜೀನಿಯಾದ ಥರ್ಮಂಡ್ ದಾಟುತ್ತದೆ. ಟಿಕೆಟ್ ಮಾಡಿಸಿದವರಿದ್ದರೆ ಮಾತ್ರ ಅಲ್ಲಿ ನಿಲ್ಲುತ್ತದೆ. ಕಲ್ಲಿದ್ದಲಿನ ಕಾಲದಲ್ಲಿ ಮೆರೆದ ಊರು, ಅಂಗಡಿಗಳ ಮುಂದೆ ರಸ್ತೆ ಇಲ್ಲ, ಹಳಿಯೇ ಇದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಐದೇ ಜನ. 1904ರ ಸ್ಟೇಷನ್ ಈಗ ರಾಷ್ಟ್ರೀಯ ಉದ್ಯಾನದವರ ಕೈಯಲ್ಲಿದೆ.

ಪ್ರಶ್ನೆ: ಹೋಗುವ ಮೊದಲು ಏನಾದರೂ ತಯಾರಿ ಬೇಕಾ? ತೆಗೆದ ಫೋಟೋಗಳನ್ನು ಮೊಬೈಲ್‌ನಲ್ಲಿ ಸುಮ್ನೆ ಇಟ್ಟುಕೊಳ್ಳುವುದೇ? (ಓದುಗರು, ಧಾರವಾಡ)

ಹಳೇ ಚಿತ್ರಗಳನ್ನು ನೋಡಿಕೊಂಡು ಹೋಗಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಜ್ಯಾಕ್ ಡೆಲಾನೊ ಎಂಬುವರು 1943ರಲ್ಲಿ ಷಿಕಾಗೋ ಯೂನಿಯನ್ ಸ್ಟೇಷನ್‌ನಲ್ಲಿ ಸರಕಾರಕ್ಕಾಗಿ ತೆಗೆದ ಚಿತ್ರಗಳಿವೆ. ಯುದ್ಧದ ಕಾಲ, ಬೆಂಚುಗಳ ಮೇಲೆ ಸೈನಿಕರು, ಮೇಲಿನ ಕಿಟಕಿಗಳಿಂದ ಬೆಳಕು. ಆ ಗ್ರೇಟ್ ಹಾಲ್ ಈಗಲೂ ಇದೆ. ಅವರು ನಿಂತ ಕಡೆಯೇ ನಿಂತು ತೆಗೆದು ನೋಡಿ, ಏನು ಬದಲಾಗಿದೆ ಅನ್ನುವುದು ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ತೆಗೆದ ಪ್ರತಿ ಚಿತ್ರದ ಜೊತೆ ಊರು, ತಾರೀಖು, ಯಾವ ದಿಕ್ಕಿಗೆ ನಿಂತು ತೆಗೆದಿರಿ ಅಂತ ಅಂದೇ ಬರೆದಿಡಿ, ನಾಳೆಗೆ ಬಿಟ್ಟರೆ ಮರೆತುಹೋಗುತ್ತದೆ. ಚೆನ್ನಾಗಿ ಬಂದವನ್ನು ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಸಂಗ್ರಹದ ಜಾಲತಾಣಕ್ಕೆ ಹಾಕಿ. ಅಲ್ಲಿ ಹಾಕಿದ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು, ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಸಣ್ಣ ಊರಿನ ಸ್ಟೇಷನ್ ಆದರೆ ಅಲ್ಲಿನ ಇತಿಹಾಸ ಸಂಘಕ್ಕೂ ಒಂದು ಪ್ರತಿ ಕಳಿಸಿ. ಮುಂದೆ ಸೂರು ರಿಪೇರಿ ಮಾಡುವಾಗ, ಬಾಗಿಲು ಬದಲಿಸುವಾಗ ಮೊದಲು ಹೇಗಿತ್ತು ಅಂತ ನೋಡಲು ಅವರಿಗೆ ಬೇಕಾಗುತ್ತದೆ.